ನಾನು ಯಾವ ಲೆಕ್ಕದಾಗ?

ನಾನು ಎಡಚ. ನಮ್ಮ ಜತ್ತ ಭಾಗದ ಮರಾಠಿ ಮಂದಿ ಡಾವಖುರಾ ಅಂತಾರ. ಆದರ ಇದನ್ನ ಬರೀತಿರೋದು ಬಲಗೈಲೆ. ಎರಡನೆಯ ಇಯತ್ತೆಯೊಳಗ ಪಾಟಿ ಮ್ಯಾಲೆ ಎಡಗೈಲೆ ಅಕ್ಷರ ತಿದ್ದಿದ್ದಕ್ಕ ಗುರುಗಳು ಬೆರಳ ಗೆಣ್ಣಿಗೆ ಛಡಿ ಏಟು ಕೊಟ್ಟರು. ಎಂಟು ದಿನದಾಗ ಬಳಪ ಬಲಗೈಗೆ ಬಂತು. ಅಕ್ಷರ ಮಾತ್ರ ಇವತ್ತಿಗೂ ಕೋಳಿ ಕೆದರಿದಂಗ ಅದಾವ.

ಉಳಿದದ್ದೆಲ್ಲ ಎಡಗೈ. ಜೋಳದ ಹೊಲದಾಗ ಹಕ್ಕಿಗೆ ಕವಣಿ ಬೀಸೋದು, ಕುಡಗೋಲು ಹಿಡಿಯೋದು. ಸಂತ್ಯಾಗ ಸಿಗೋ ಕುಡಗೋಲಿನ ಹಲ್ಲು ಬಲಗೈಯವರಿಗೆ ಹೊಂದೋವು. ನಾನು ಕಂಬಾರನ ಕಡೆ ಬ್ಯಾರೆ ಮಾಡಿಸ್ತೇನೆ. ಡೊಳ್ಳಿನ ಮೇಳದಾಗ ನನ್ನ ಕೋಲು ಬಾಜೂದವನ ಮೈಗೆ ತಾಗತದ ಅಂತ ನನ್ನನ್ನ ಸಾಲಿನ ತುದೀಗೆ ನಿಲ್ಲಸ್ತಾರ. ಹಾಡೋ ಬಾಯಿಗೆ ಎಡ ಬಲ ಇಲ್ಲ, ಪುಣ್ಯ.

ಹೋದ ಶ್ರಾವಣದಾಗ ಮೊಮ್ಮಗಳು ಎಡಗೈಲೆ ಬರಿಯಾಕ ಹತ್ತಿದಳು. ಸೊಸಿ ಆ ಕೈಗೆ ಹೊಡೆದಳು. ನನ್ನ ಗೆಣ್ಣು ನೊಂದಂಗಾತು. ವಾಚನಾಲಯಕ್ಕ ಬರೋ ಮಾಸ್ತರರನ್ನ ಕೇಳಿದೆ, ‘ಲೋಕದಾಗ ನಮ್ಮಂಥವರು ಎಷ್ಟು ಮಂದಿ ಅದಾರ್ರಿ?’ ‘ನೂರಕ್ಕ ಹತ್ತು’ ಅಂದರು. ‘ಎಣಿಸಿದವರು ಯಾರ್ರಿ? ನನ್ನನ್ನಂತೂ ಯಾರೂ ಕೇಳಿಲ್ಲ’ ಅಂದೆ. ಅವರು ನಕ್ಕರು. ಆದರ ಮರುವಾರ ಓದಿಕೊಂಡೇ ಬಂದಿದ್ದರು.

1986ರಲ್ಲಿ ಅಮೇರಿಕಾದ ‘ನ್ಯಾಷನಲ್ ಜಿಯಾಗ್ರಫಿಕ್’ ಮಾಸಿಕ ತನ್ನ ಓದುಗರಿಗೆ ವಾಸನೆ ಪರೀಕ್ಷೆಯ ಚೀಟಿ ಕಳಿಸಿತ್ತಂತೆ. ವಾಸನೆ ಜೋಡಿ, ನಿಮ್ಮ ವಯಸ್ಸೆಷ್ಟು, ಯಾವ ಕೈಲೆ ಬರೀತೀರಿ, ಯಾವ ಕೈಲೆ ಒಗೀತೀರಿ ಅಂತಲೂ ಕೇಳಿದ್ದರು. ಆ ದೇಶದ ಸುಮಾರು 12 ಲಕ್ಷ ಮಂದಿ ತುಂಬಿ ಕಳಿಸಿದರು. ಹರೆಯದವರಲ್ಲಿ ಎಡಗೈಲೆ ಬರೆಯುವವರು ನೂರಕ್ಕೆ ಹತ್ತಕ್ಕೂ ಮಿಕ್ಕಿ ಇದ್ದರೆ, ಮುಪ್ಪಿನವರಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ‘ಹಂಗಾದ್ರ ಅಲ್ಲಿನ ಹಳೇ ಸಾಲಿಯಾಗೂ ಛಡಿ ಇತ್ತೇನ್ರಿ?’ ಅಂದೆ. ಕೈ ಬದಲಿಸೋ ರೂಢಿ ಅಲ್ಲೂ ಇತ್ತು, ಅದೂ ಒಂದು ಕಾರಣ ಅಂದರು.

2020ರಲ್ಲಿ ಇಂಥ ಹಲವಾರು ಲೆಕ್ಕಗಳನ್ನ ಕೂಡಿಸಿ ನೋಡಿದರಂತೆ, ಎಲ್ಲಾ ಸೇರಿ ಸುಮಾರು 24 ಲಕ್ಷ ಮಂದಿ. ನೂರಕ್ಕೆ 10.6 ಬಂತು. ಆದರ ಎಡಗೈಯವರು ಅಂತ ಹೆಂಗ ಗುರುತಿಸ್ತಾರ ಅನ್ನೋದರ ಮ್ಯಾಲೆ ಅದು 9.3 ಆಗಬಹುದು, 18.1 ಆಗಬಹುದು.

ಅದು ನನಗ ಲಗೂನ ತಿಳೀತು. ಬರಿಯೋ ಕೈ ಕೇಳಿದವರ ವಹಿಯಾಗ ನಾನು ಬಲಗೈಯವ, ಕುಡಗೋಲಿನ ಕೈ ಕೇಳಿದರ ಎಡಚ. ಛಡಿ ಹಿಡಿದ ಗುರುಗಳು ಒಬ್ಬ ಎಡಚನ್ನ ಲೆಕ್ಕದಾಗ ಕಡಿಮೆ ಮಾಡಿದ್ದರು, ಹೊಲದಾಗಲ್ಲ.

ಮನೀಗೆ ಬಂದು ಸೊಸಿಗೆ ಇಷ್ಟೂ ಹೇಳಿ ನನ್ನ ಗೆಣ್ಣು ತೋರಿಸಿದೆ. ಈಗ ಮೊಮ್ಮಗಳು ಎಡಗೈಲೆ ಬರೀತಾಳ. ಉಣ್ಣೋದು ಮಾತ್ರ ಬಲಗೈಲೇ ಅಂತ ಸೊಸಿ ಹಟ ಹಿಡಿದಾಳ. ಅದಕ್ಕ ನಾನು ಬಾಯಿ ಹಾಕಿಲ್ಲ.