ಮಿದುಳಿನ ಹೊಸ್ತಿಲಲ್ಲಿ ನಿಂತ ಔಷಧ

ಔಷಧವು ರೋಗವನ್ನು ಗೆಲ್ಲಬೇಕಾದರೆ ಮೊದಲು ರೋಗವಿರುವ ಎಡೆಗೆ ತಲುಪಬೇಕು. ಈ ಸರಳ ಸಂಗತಿಯ ಗಾಂಭೀರ್ಯವು ನನಗೆ ಮನದಟ್ಟಾದುದು ಶಿಷ್ಯನೊಬ್ಬನ ಕಾಯಿಲೆಯಿಂದ. ನಮ್ಮ ಶಾಲೆಯಲ್ಲಿ ಓದಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದ ಆತನ ಮಿದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಅರ್ಬುದವು ಬೆಳೆದಿತ್ತು. ಶಸ್ತ್ರಚಿಕಿತ್ಸೆಯ ತರುವಾಯ ವಿಕಿರಣ ಚಿಕಿತ್ಸೆಯೂ ಟೆಮೊಜೊಲೊಮೈಡ್ ಎಂಬ ಗುಳಿಗೆಯೂ ನಡೆದಿದ್ದಾಗ, ಆತನ ತಂದೆ ಹಾವೇರಿಯ ನಮ್ಮ ಮನೆಗೆ ಬಂದು, "ಗುರುಗಳೆ, ನ್ಯಾನೋ ಅಂತ ಹೊಸಾ ಔಷಧ ಬಂದೈತಂತ್ರಿ. ಹೊಲ ಮಾರಲೇನ್ರಿ?" ಎಂದು ಕೇಳಿದರು. ವ್ಯಾಕರಣ ಓದಿದವನಿಗೆ ವೈದ್ಯದ ಪ್ರಶ್ನೆ! ಬರಿಮಾತಿನ ಸಮಾಧಾನ ಹೇಳಲೊಪ್ಪದೆ, ವಿಜ್ಞಾನ ಶಿಕ್ಷಕರ ನೆರವಿನಿಂದ ಓದತೊಡಗಿದೆನು.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಅವರು ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಇತರ ಅಂಗಗಳು ಬಣ್ಣವೇರಿದವು, ಮಿದುಳಿಗೆ ಹತ್ತಲಿಲ್ಲ. ಮೆಣಸಿನಕಾಯಿ ಚೀಲ ಹೊತ್ತವರ ಅಂಗೈ, ಅಂಗಿಗಳೆಲ್ಲ ಕೆಂಪೇರುವುದನ್ನು ಬಲ್ಲ ಬ್ಯಾಡಗಿಯ ಜನಕ್ಕೆ ಇದು ವಿಸ್ಮಯವೇ ಸರಿ. 1913ರಲ್ಲಿ ಗೋಲ್ಡ್‌ಮನ್ ಅವರು ಬಣ್ಣವನ್ನು ಮಿದುಳಿನ ಸುತ್ತಣ ದ್ರವಕ್ಕೇ ಸೇರಿಸಲು, ಮಿದುಳು ಬಣ್ಣವೇರಿ ದೇಹವು ಹಾಗೆಯೇ ಉಳಿಯಿತು. ನಡುವೆ ಗೋಡೆಯೊಂದಿದೆಯೆಂಬುದಕ್ಕೆ ಇದು ಸಾಕ್ಷಿಯಾಯಿತು. ಮಿದುಳಿನ ಕಿರಿಯ ರಕ್ತನಾಳಗಳ ಜೀವಕೋಶಗಳು, ಸಂಧಿಯಾದ ಪದಗಳಂತೆ, ಎಡೆಯಿಲ್ಲದೆ ಬೆಸೆದುಕೊಂಡಿವೆ. ವಿಷವನ್ನು ತಡೆಯುವ ಆ ಗೋಡೆಯೇ ಬಹುಪಾಲು ಔಷಧಗಳನ್ನೂ ತಡೆಯುತ್ತದೆ. ಟೆಮೊಜೊಲೊಮೈಡ್ ಒಂದಿಷ್ಟು ದಾಟಬಲ್ಲುದು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕಿರಣದೊಡನೆ ಅದನ್ನೂ ಕೊಟ್ಟುದರಿಂದ ರೋಗಿಗಳ ಮಧ್ಯಾಂಕ ಬದುಕು 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತು. ಗಳಿಕೆ ಅಷ್ಟೇ.

ಆದುದರಿಂದಲೇ ನ್ಯಾನೋ ಕಣಗಳ ಅನ್ವೇಷಣೆ. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಸುಮಾರು ನೂರು ನ್ಯಾನೋಮೀಟರಿನ ಕಣದಲ್ಲಿ ಔಷಧವನ್ನಡಗಿಸಿ, ರಕ್ತದಲ್ಲಿ ಕಬ್ಬಿಣವನ್ನು ಒಯ್ಯುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಅದರ ಮೈಗೆ ಲೇಪಿಸಿದರೆ, ಗೋಡೆಯು ಪರಿಚಿತನೆಂದು ಒಳಬಿಟ್ಟೀತೆಂಬುದು ವಿಜ್ಞಾನಿಗಳ ಎಣಿಕೆ. ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರಿನಲ್ಲಿ ಬೀಜೋಪಚಾರ ಕಂಡವರಿಗೆ ಲೇಪವು ಹೊಸದಲ್ಲ. ಆದರೆ ಅಲ್ಲಿ ಲೇಪವೇ ಔಷಧ, ಇಲ್ಲಿ ಅದು ಒಳಹೋಗಲು ಗುರುತಿನ ಚೀಟಿ. ಇಲಿಗಳಲ್ಲಿ ಇಂಥ ಉಪಾಯಗಳು ಫಲ ತೋರಿವೆ. ಮಿದುಳಿನ ಅರ್ಬುದಕ್ಕೆ ಮನುಷ್ಯರಲ್ಲಿ ಇವಿನ್ನೂ ಪರೀಕ್ಷೆಯ ಹಂತದಲ್ಲಿವೆ. ರಕ್ತಕ್ಕೆ ಬಿಟ್ಟ ಕಣಗಳಲ್ಲಿ ಹೆಚ್ಚಿನವು ಯಕೃತ್ತು, ಪ್ಲೀಹಗಳ ಪಾಲಾಗುತ್ತವೆ.

ಇಷ್ಟನ್ನು ತಿಳಿದು, "ಹೊಲ ಮಾರಬ್ಯಾಡ್ರಿ, ಡಾಕ್ಟರು ಕೊಡೋ ಔಷಧ ಬಿಡಬ್ಯಾಡ್ರಿ. ಹೊಸದು ಕೊಡತೇವಿ ಅಂತ ಯಾರರ ರೊಕ್ಕ ಕೇಳಿದರ, ಮೊದಲು ಆ ಡಾಕ್ಟರನ್ನ ಕೇಳ್ರಿ" ಎಂದೆನು. ಹಿರಿಯರು ಬಹುಹೊತ್ತು ಮೌನವಾಗಿದ್ದು, ನೀರು ಕುಡಿದು ಹೊರಟುಹೋದರು.

ಮರುವರ್ಷದ ಸುಗ್ಗಿಯಲ್ಲಿ ಶಿಷ್ಯನು ತೀರಿಕೊಂಡನು. ವಿದ್ಯೆಯಿಂದ ಆತನನ್ನು ಉಳಿಸಲಾಗಲಿಲ್ಲ. ಆತನ ಮನೆಯವರ ಅನ್ನವು ಉಳಿಯಿತು. ಔಷಧದಂತೆ ತಿಳಿವೂ ಬೇಕಾದವರ ಮನೆಬಾಗಿಲಿಗೆ, ಅವರ ನುಡಿಯಲ್ಲಿ, ಹೊತ್ತಿಗೆ ಸರಿಯಾಗಿ ತಲುಪಬೇಕು. ಶಾಲೆಯೊಂದು ಮಾಡಬಹುದಾದ ಕಾರ್ಯವಿದು. ಆತನ ಮಗಳು ಈಗ ನಮ್ಮಲ್ಲಿಯೇ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ.