ಲಿರಿಯೆಲ್ ಬಗ್ಗೆ ಯಾರೇನೆಂದರು

ಕೆಲವರಿಗೆ ಊಟವಾದ ಮೇಲೆ ಎಲೆಯಡಿಕೆ ಬೇಕು. ನನಗೆ ಕಾದಂಬರಿ ಮುಗಿದ ಮೇಲೆ ಅದನ್ನೇ ಓದಿದ ಇನ್ನೊಬ್ಬರ ಮಾತು ಬೇಕು. ವಿಮರ್ಶೆ ಅಲ್ಲ. ವಿಮರ್ಶಕರು ಬೆನ್ನು ನೆಟ್ಟಗೆ ಮಾಡಿ ಕೂತು ಮಾತಾಡುತ್ತಾರೆ. ನನಗೆ ರುಚಿಸುವುದು ಕಾಲು ಚಾಚಿ ಕೂತವರ ಮಾತು. ‘ಆ ಹುಡುಗಿ ನನಗೆ ಹಿಡಿಸಲಿಲ್ಲಪ್ಪ’, ‘ಅವನನ್ನು ಮೊದಲನೇ ಅಧ್ಯಾಯದಲ್ಲೇ ಮುಗಿಸಿದ್ದರೆ ಇಷ್ಟು ರಾಮಾಯಣ ಇರುತ್ತಿರಲಿಲ್ಲ’, ‘ನಡುವೆ ಒಂದಷ್ಟು ಪುಟ ಹಾರಿಸಿದೆ, ನಷ್ಟವೇನೂ ಆಗಲಿಲ್ಲ’ ಇಂಥವು. ಇದು ಚಾಡಿ ಕೇಳುವ ಚಪಲ ಎಂದು ಮನೆಯಾಕೆಯ ಅಂಬೋಣ. ಹುಟ್ಟೇ ಇಲ್ಲದವರ ಮೇಲೆ ಹೇಳುವ ಚಾಡಿಯಿಂದ ಯಾರಿಗೇನು ಕೇಡು ಎಂಬುದು ನನ್ನ ವಾದ.

ಈ ಚಪಲಕ್ಕೆ ಎಲ್ಲ ಪುಸ್ತಕಗಳೂ ಒದಗುವುದಿಲ್ಲ. ಮಹಾಕೃತಿಗಳ ಮುಂದೆ ಜನ ಸಲೀಸಾಗಿ ಸುಳ್ಳು ಹೇಳುತ್ತಾರೆ. ತೂಕಡಿಸಿದವರೂ ‘ಅದ್ಭುತ’ ಎನ್ನುತ್ತಾರೆ. ಬೈದರೆ ಮಾನ ಹೋಗದ, ಹೊಗಳಿದರೆ ಗೌರವ ಬರದ ಪುಸ್ತಕ ಬೇಕು. ನನ್ನ ಕಪಾಟಿನಲ್ಲಿ ಆ ಕೆಲಸಕ್ಕೆ ಅತಿ ಹೆಚ್ಚು ದುಡಿದಿರುವುದು ಅಮೆರಿಕದ ಲೇಖಕಿ ಎಲೇನ್ ಕನಿಂಗ್‌ಹ್ಯಾಮ್ 1995ರಲ್ಲಿ ಬರೆದ ‘ಡಾಟರ್ ಆಫ್ ದ ಡ್ರೌ’. ಹಳೇ ಪುಸ್ತಕದಂಗಡಿಯಿಂದ ತಂದ ಪ್ರತಿ. ರಟ್ಟಿನ ಮೂಲೆ ಮಡಚಿದೆ, ಬೆನ್ನು ಸೀಳಿದೆ. ಕೊಡುವಾಗ ‘ಜೋಪಾನ’ ಎನ್ನುವ ಅಗತ್ಯವೇ ಇಲ್ಲ.

ಡ್ರೌ ಎಂದರೆ ಕಪ್ಪು ಎಲ್ಫ್‌ಗಳು. ಇವರ ವಂಶವೃಕ್ಷ ಸ್ವಲ್ಪ ಸಿಕ್ಕುಸಿಕ್ಕು. 13ನೇ ಶತಮಾನದ ಐಸ್‌ಲ್ಯಾಂಡಿನಲ್ಲಿ ಸ್ನೋರ್ರಿ ಸ್ಟುರ್ಲುಸನ್ ಎಂಬ ಪಂಡಿತ ತನ್ನ ಎಡ್ಡಾದಲ್ಲಿ ಎಲ್ಫ್‌ಗಳನ್ನು ಎರಡು ಪಂಗಡ ಮಾಡಿ, ಬೆಳಕಿನವರನ್ನು ಮೇಲೆ, ಡಾಂಬರಿಗಿಂತ ಕಪ್ಪಾದವರನ್ನು ನೆಲದಡಿಗೆ ಇಟ್ಟ. 1970ರ ದಶಕದಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟಕ್ಕೆ ರಾಕ್ಷಸರನ್ನು ಹುಡುಕುತ್ತಿದ್ದಾಗ ಈ ನೆಲದಡಿಯವರನ್ನು ಎಬ್ಬಿಸಿದ. 1978ರ ಹೊತ್ತಿಗೆ ಅವರಿಗೊಂದು ನಗರ, ಒಂದು ಕುಲದೇವತೆ, ಸಾಕಾಗುವಷ್ಟು ವಿಷ ಎಲ್ಲ ಸಿಕ್ಕಿತ್ತು. ದೇವತೆಯ ಹೆಸರು ಲಾಲ್ತ್, ಜೇಡರ ರಾಣಿ. ಆಮೇಲೆ ಕೆನಡಾದ ಎಡ್ ಗ್ರೀನ್‌ವುಡ್ ಕಲ್ಪಿಸಿದ ‘ಫರ್ಗಾಟನ್ ರೆಲ್ಮ್ಸ್’ ಎಂಬ ಲೋಕಕ್ಕೆ ಇವರು ವಲಸೆ ಬಂದರು. ಅಲ್ಲಿ ಆರ್.ಎ. ಸಾಲ್ವಟೋರ್ 1988ರಲ್ಲಿ, ಇನ್ನೊಬ್ಬ ನಾಯಕನ ಪಕ್ಕವಾದ್ಯಕ್ಕೆಂದು, ಡ್ರಿಝ್ಟ್ ಎಂಬ ಒಬ್ಬ ಒಳ್ಳೆಯ ಡ್ರೌನನ್ನು ತಂದ. ಪಕ್ಕವಾದ್ಯದವನೇ ಕಛೇರಿ ಹೊಡೆದುಕೊಂಡು ಹೋದ.

ಡ್ರಿಝ್ಟ್ ಬಗ್ಗೆ ಓದಿದವರನ್ನು ಕೇಳಿ ನೋಡಿದ್ದೇನೆ. ಎಲ್ಲರದೂ ಒಂದೇ ರಾಗ: ಪಾಪ, ಒಳ್ಳೆಯವನು, ದುಷ್ಟರ ನಡುವೆ ಹುಟ್ಟಿದ, ಎದ್ದು ಬಂದ. ನಮ್ಮವರಿಗೆ ಪ್ರಹ್ಲಾದ ಗೊತ್ತು, ವಿಭೀಷಣ ಗೊತ್ತು; ಇವನನ್ನು ಆ ಸಾಲಿನಲ್ಲಿ ಕೂರಿಸಿ ಎದ್ದುಬಿಡುತ್ತಾರೆ. ಜಗಳಕ್ಕೆ ಜಾಗವೇ ಇಲ್ಲ. ‘ಡಾಟರ್ ಆಫ್ ದ ಡ್ರೌ’ ಪುಸ್ತಕದ ನಾಯಕಿ ಲಿರಿಯೆಲ್ ಬೇನ್‌ರೆ ಹಾಗಲ್ಲ. ಅವಳನ್ನು ಯಾವ ಸಾಲಿನಲ್ಲಿ ಕೂರಿಸಿದರೂ ಎದ್ದು ಪಕ್ಕದ ಸಾಲಿಗೆ ಹೋಗುತ್ತಾಳೆ.

ಊರಿನಿಂದ ಹೇಳುತ್ತೇನೆ. ಮೆಂಜೊಬೆರಾಂಜನ್ ನೆಲದಡಿಯ ಒಂದು ಮಹಾ ಗುಹೆಯೊಳಗಿನ ನಗರ. ಸೂರ್ಯನಿಲ್ಲ, ಚಂದ್ರನಿಲ್ಲ. ಹೊತ್ತು ತಿಳಿಯಲು ನಾರ್ಬೊಂಡೆಲ್ ಎಂಬ ಕಲ್ಲಿನ ಕಂಬವಿದೆ. ನಗರದ ಮಹಾಮಾಂತ್ರಿಕ ದಿನಕ್ಕೊಮ್ಮೆ ಅದರ ಬುಡಕ್ಕೆ ಮಂತ್ರದ ಕಾವು ಕೊಡುತ್ತಾನೆ. ಕಾವು ಮೆಲ್ಲಗೆ ಮೇಲೇರುತ್ತದೆ, ಮತ್ತೆ ಆರುತ್ತದೆ. ಬಿಸಿಯನ್ನೇ ಬೆಳಕಿನಂತೆ ಕಾಣುವ ಕಣ್ಣಿನ ಡ್ರೌಗಳು ಕಂಬ ಎಷ್ಟರ ಮಟ್ಟಿಗೆ ಕಾದಿದೆ ಎಂದು ನೋಡಿ ಹೊತ್ತೆಷ್ಟಾಯಿತು ಎನ್ನುತ್ತಾರೆ. ಆಳುವುದೆಲ್ಲ ಹೆಂಗಸರು. ಒಂದೊಂದು ಮನೆತನಕ್ಕೂ ಒಬ್ಬೊಬ್ಬ ಹಿರಿಯಾಕೆ, ಅವರ ನಡುವೆ ಪಟ್ಟಕ್ಕಾಗಿ ಕೊನೆಯಿಲ್ಲದ ಕೊಲೆ. ಗಂಡಸರು ಕತ್ತಿ ಹಿಡಿಯಬಹುದು, ಮಾಂತ್ರಿಕರಾಗಬಹುದು, ತಲೆ ಎತ್ತುವಂತಿಲ್ಲ. ಕಂಬಕ್ಕೆ ಕಾವು ಕೊಡುವ ಗ್ರಾಂಫ್ ಬೇನ್‌ರೆಯೂ ಅಷ್ಟೇ. ಅವನ ಮಗಳು ಲಿರಿಯೆಲ್. ಕೂಸಿನಲ್ಲಿ ಮಂತ್ರಶಕ್ತಿ ಇದೆ ಎಂದು ಗೊತ್ತಾದ ಕೂಡಲೇ ತಂದೆ ಅವಳನ್ನು ತನ್ನದಾಗಿಸಿಕೊಳ್ಳುತ್ತಾನೆ, ತಾಯಿ ಉಳಿಯುವುದಿಲ್ಲ. ಪುಸ್ತಕ ಶುರುವಾಗುವುದೇ ಅಲ್ಲಿ. ಇಷ್ಟಾದ ಮೇಲೆ ಓದುಗರು ಕಣ್ಣೀರಿನ ಹುಡುಗಿಯೊಬ್ಬಳನ್ನು ಕಾಯುತ್ತಾರೆ. ಬರುವವಳು ಕುಣಿತ, ಮೋಜು, ಹೊಸ ಬಟ್ಟೆ, ಹೊಸ ಮಂತ್ರ ಇವಿಷ್ಟರ ಹಿಂದೆ ಬಿದ್ದ, ನಗುವ ಲಿರಿಯೆಲ್.

ನನ್ನ ಪ್ರತಿಯ ಹಿಂದಿನ ಒಡೆಯ ಇಲ್ಲಿಂದಲೇ ತಕರಾರು ತೆಗೆದಿದ್ದಾನೆ. ಅಂಚಿನ ಬಿಳಿಯಲ್ಲಿ ನೀಲಿ ಬಾಲ್‌ಪೆನ್ನಿನ ಗುರುತುಗಳಿವೆ. ಲಿರಿಯೆಲ್ ಚೆಲುವೆ ಎಂದು ಲೇಖಕಿ ಹೇಳಿದಲ್ಲೆಲ್ಲ ಒಂದು ಗೀಟು, ಪಕ್ಕದಲ್ಲಿ ಕ್ರಮಸಂಖ್ಯೆ. ಪುಸ್ತಕದ ನಡುವಿಗೆ ಬರುವಷ್ಟರಲ್ಲಿ ಎಣಿಕೆ ನಿಂತಿದೆ. ಬೇಸತ್ತು ಬಿಟ್ಟನೋ, ಮರುಳಾಗಿ ಬಿಟ್ಟನೋ ಗೊತ್ತಾಗದು. ಮರುಳಾದ ಎಂದೇ ನನ್ನ ಗುಮಾನಿ. ಕೊನೆಯ ಅಧ್ಯಾಯಗಳಲ್ಲಿ ಗೀಟುಗಳ ಜಾಗಕ್ಕೆ ಬೆರಳಿನ ಎಣ್ಣೆಗುರುತು ಬಂದಿದೆ. ಏನೋ ತಿನ್ನುತ್ತಾ, ಪೆನ್ನು ಬದಿಗಿಟ್ಟು, ಬಿಡದೆ ಓದಿದ್ದಾನೆ.

ಬಾಯಿಬಿಟ್ಟು ಬೈದವನು ನನ್ನ ಆಡಿಟರ್ ಗೆಳೆಯ. ಕಾಲ್ಪನಿಕ ಲೋಕದಲ್ಲೂ ಅವನಿಗೆ ಜಮಾ-ಖರ್ಚು ತಾಳೆಯಾಗಬೇಕು. ‘ಅಲ್ಲ ಮಾರಾಯ, ಒಬ್ಬಳಿಗೆ ಎಷ್ಟು ಅಂತ ಕೊಡೋದು? ಮಂತ್ರ ಬರುತ್ತೆ, ಚಾಕು ಎಸೆಯೋದು ಬರುತ್ತೆ, ಕುಣಿತ ಬರುತ್ತೆ, ಪೂಜಾರಿಣಿಯರ ಶಾಲೆಗೆ ಹಾಕಿದ್ರೆ ಅಲ್ಲೂ ದೇವತೆ ಒಲೀತಾಳೆ. ಖರ್ಚಿನ ಕಾಲಮ್ಮೇ ಇಲ್ವಲ್ಲ!’ ಈ ಮಾತು ಅವನೊಬ್ಬನದಲ್ಲ. ಪುಸ್ತಕ ಓದಿದವರಲ್ಲಿ ಅನೇಕರು ಮೊದಲು ಎತ್ತುವ ಆಕ್ಷೇಪವೇ ಇದು, ಮತ್ತು ಮೊದಲ ನೂರು ಪುಟದ ಮಟ್ಟಿಗೆ ಅದು ಸರಿಯೇ. ಆದರೆ ಅವಳ ಆಸೆ ಏನೆಂದು ನೋಡಿದರೆ ಖರ್ಚಿನ ಕಾಲಮ್ಮು ಕಾಣುತ್ತದೆ. ಡ್ರೌಗಳ ಮಂತ್ರ ನೆಲದಡಿಯ ಸೊತ್ತು. ಮೇಲೆ ಸೂರ್ಯನ ಬೆಳಕಿಗೆ ಬಂದರೆ ಕರಗಿ ಹೋಗುತ್ತದೆ; ಅವರ ಮಾಯದ ಮೇಲಂಗಿ, ಆಯುಧಗಳೂ ಬಿಸಿಲಿಗೆ ಹಾಳಾಗುತ್ತವೆ. ಲಿರಿಯೆಲ್‌ಗೆ ಮೇಲಿನ ಆಕಾಶವೂ ಬೇಕು, ತನ್ನ ಮಂತ್ರವೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿ ಎಂದು ಲೋಕ ಹೇಳುತ್ತದೆ, ಅವಳು ಒಪ್ಪುವುದಿಲ್ಲ. ಅದಕ್ಕಾಗಿ ‘ವಿಂಡ್‌ವಾಕರ್’ ಎಂಬ ತಾಯಿತದ ಬೆನ್ನು ಹತ್ತುತ್ತಾಳೆ. ಅದೇ ತಾಯಿತ ರಾಶೆಮೆನ್ ಎಂಬ ನಾಡಿನ ಫ್ಯೋಡೊರ್‌ಗೂ ಬೇಕು. ಯುದ್ಧದಲ್ಲಿ ಮೈಮೇಲೆ ಬರುವ ಆವೇಶ ಅವನ ಹಿಡಿತ ಮೀರಿದೆ. ಅದಕ್ಕೆ ಕಡಿವಾಣ ಹಾಕಲು. ಒಬ್ಬಳಿಗೆ ಶಕ್ತಿ ಉಳಿಸಿಕೊಳ್ಳುವ ಚಿಂತೆ, ಇನ್ನೊಬ್ಬನಿಗೆ ಶಕ್ತಿ ಇಳಿಸಿಕೊಳ್ಳುವ ಚಿಂತೆ, ಇಬ್ಬರ ಕಣ್ಣೂ ಒಂದೇ ತಾಯಿತದ ಮೇಲೆ. ಈ ಏರ್ಪಾಟಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಆಡಿಟರ್ ಕೊಡಲಿಲ್ಲ.

ಅವನ ಮನೆಯಲ್ಲೇ ಇದರ ಅತ್ಯುತ್ತಮ ಓದುಗರೊಬ್ಬರಿದ್ದಾರೆ. ಅವರು ಪುಸ್ತಕ ಓದಿಲ್ಲ. ಗೆಳೆಯನ ತಾಯಿ, ಕುಂದಾಪುರದ ಕಡೆಯವರು, ಇಂಗ್ಲಿಷ್ ಬಾರದು. ನಮ್ಮ ಜಗಳ ಕೇಳಿ ಕೇಳಿ, ‘ಅದೆಂತ ಕಥೆ ಅಂತ ಒಮ್ಮೆ ಸಮಾ ಹೇಳು ಮಗಾ’ ಎಂದರು. ಹೇಳಲು ಕೂತೆ. ಇಂಗ್ಲಿಷಿನ ಕಥೆಯನ್ನು ಕನ್ನಡದಲ್ಲಿ ಬಾಯಲ್ಲಿ ಹೇಳುವಾಗ ಕಥೆಯ ಕಸ ತಾನಾಗಿ ಉದುರುತ್ತದೆ. ಪುಟಗಟ್ಟಲೆ ಬಂದ ಮಂತ್ರಗಳ ವಿವರ ‘ಏನೋ ಒಂದು ಮಂತ್ರ ಹಾಕಿದಳು’ ಎಂದಾಗುತ್ತದೆ, ಎರಡು ಸಾಲಿನಲ್ಲಿದ್ದ ಹೊಟ್ಟೆಕಿಚ್ಚು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ.

ಅಮ್ಮ ಯಕ್ಷಗಾನದ ಆಟ ನೋಡಿ ಬೆಳೆದವರು. ರಾಕ್ಷಸ ಕುಲದವಳು ಎಂದಾಗ ನಾನೂ ಅವರೂ ಒಟ್ಟಿಗೇ ಹೆಣ್ಣುಬಣ್ಣ ನೆನೆಸಿಕೊಂಡೆವು: ಶೂರ್ಪನಖಿ, ತಾಟಕಿ, ತೆರೆಯ ಹಿಂದಿನ ಆರ್ಭಟ, ದೊಂದಿಗೆ ಎರಚಿದ ರಾಳದ ಬೆಂಕಿ. ಕಥೆ ಮುಂದುವರಿದಂತೆ ಅವರು ತಲೆಯಾಡಿಸಿದರು. ‘ಇದು ಹೆಣ್ಣುಬಣ್ಣ ಅಲ್ಲ. ಇದು ಕಸೆ ಸ್ತ್ರೀವೇಷ. ಪ್ರಮೀಳೆ ಇದ್ದಾಳಲ್ಲ, ಹಾಗೆ.’ ನಾನು ಅವಾಕ್ಕಾದೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆಯ ಹಿಂದೆ ಅರ್ಜುನ ಹೋಗಿ ಸಿಕ್ಕಿಬೀಳುವ ಸ್ತ್ರೀರಾಜ್ಯದ ರಾಣಿ ಪ್ರಮೀಳೆ! ಹೆಂಗಸರ ಆಳ್ವಿಕೆ, ಹೊರಗಿನಿಂದ ಬಂದ ಗಂಡು, ಮೊದಲು ಕತ್ತಿ, ಆಮೇಲೆ ಒಲವು. ಎಷ್ಟೋ ವರ್ಷದಿಂದ ಇಬ್ಬರನ್ನೂ ಬಲ್ಲ ನನಗೆ ಹೊಳೆಯದ ನಂಟು, ಒಬ್ಬಳನ್ನು ಬರೀ ಕಿವಿಯಿಂದ ಕಂಡವರಿಗೆ ಹೊಳೆಯಿತು. ಕಸೆ ಸ್ತ್ರೀವೇಷಕ್ಕೆ ಗತ್ತು ಬೇಕು, ಲಾಲಿತ್ಯವೂ ಬೇಕು, ಎರಡರಲ್ಲಿ ಯಾವುದು ಹೆಚ್ಚಾದರೂ ವೇಷ ಬಿತ್ತು ಎಂದು ಅವರೇ ವಿವರಿಸಿದರು. ಲಿರಿಯೆಲ್ ಅತಿ ಸುಲಭಕ್ಕೆ ಎಲ್ಲ ಗೆಲ್ಲುತ್ತಾಳೆ ಎಂಬ ಮಗನ ದೂರಿಗೆ ಉತ್ತರವೂ ಅದರಲ್ಲೇ ಇತ್ತು: ಕಸೆ ವೇಷ ಏದುಸಿರು ಬಿಟ್ಟರೆ ನೋಡುವವರಾರು?

ಅಷ್ಟಾಗಿಯೂ ಅಮ್ಮನ ಮನಸ್ಸು ಗೆದ್ದವಳು ಲಿರಿಯೆಲ್ ಅಲ್ಲ. ಅವಳ ಹಗೆಯವಳು, ಹುನ್‌ಜ್ರಿನ್ ಮನೆತನದ ಶಕ್ತಿ. ಹೌದು, ಪುಸ್ತಕದಲ್ಲಿ ಅವಳ ಹೆಸರು ಹಾಗೆಯೇ ಇದೆ. ಆ ಮನೆತನದ್ದು ನಗರದ ಬೇಸಾಯ, ರೋತ್ ಎಂಬ ನೆಲದಡಿಯ ದನಗಳ ಸಾಕಣೆ. ಕುಲೀನರಿಗೆ ಅದೆಂದರೆ ತಾತ್ಸಾರ, ಆದರೆ ಮಾಂಸ ಮಾತ್ರ ದಿನಾ ಬೇಕು. ಶಕ್ತಿಗೆ ದೂರದ್ದು ಸರಿಯಾಗಿ ಕಾಣದು, ಕಣ್ಣು ಕಿರಿದು ಮಾಡಿಯೇ ನೋಡಬೇಕು. ಅವಳ ಆಯುಧ ಕತ್ತಿಯಲ್ಲ, ಹುಲ್ಲು ಎತ್ತುವ ಕವೆಗೋಲು. ಓದಿದವರು ಬಹುಮಂದಿ ಅವಳನ್ನು ನಗೆಪಾಟಲು ಮಾಡಿ ಮುಂದೆ ಹೋಗುತ್ತಾರೆ. ಅಮ್ಮ ಹೋಗಲಿಲ್ಲ. ‘ಹಟ್ಟಿ ನೋಡಿಕೊಳ್ಳುವವಳು ಅವಳು, ಕುಣಿದು ಹೆಸರು ತಗೊಳ್ಳುವವಳು ಇವಳು. ಸಿಟ್ಟು ಬಾರದೆ ಎಂತ ಆಗ್ತದೆ?’ ಅಂದಿನಿಂದ ಕವೆಗೋಲು ಬಂದ ಪುಟಗಳನ್ನು ನಾನು ನಿಧಾನವಾಗಿ ಓದುತ್ತೇನೆ. ಲೇಖಕಿಯೂ ಆ ಪುಟಗಳಲ್ಲಿ ಹೆಚ್ಚು ಹುರುಪಿನಲ್ಲಿದ್ದಾಳೆ ಎನಿಸುತ್ತದೆ.

ಅಭಿಪ್ರಾಯ ಹೊರಡಿಸುವುದಕ್ಕೂ ಒಂದು ಹದವಿದೆ. ‘ಹೇಗಿತ್ತು?’ ಎಂದು ಕೇಳಲೇಬಾರದು, ‘ಚೆನ್ನಾಗಿದೆ’ ಎಂಬ ಸತ್ತ ಉತ್ತರ ಬರುತ್ತದೆ. ‘ಎಲ್ಲಿ ಪುಸ್ತಕ ಕೆಳಗಿಟ್ಟೆ?’ ಎಂದು ಕೇಳಬೇಕು. ಇಲ್ಲವೇ ತಪ್ಪು ಅಭಿಪ್ರಾಯವೊಂದನ್ನು ನಾವೇ ಎಸೆಯಬೇಕು. ತಂಗಿಯ ಮಗಳಿಗೆ, ‘ಲಿರಿಯೆಲ್ ಸ್ವಲ್ಪ ಸ್ವಾರ್ಥಿ ಅಲ್ವೇನೇ?’ ಎಂದೆ. ಅವಳು ಅದನ್ನು ತಿರುಗಿಯೂ ನೋಡದೆ ಬೇರೆಯದನ್ನು ಎತ್ತಿದಳು.

‘ಮಾವ, ಕೆಟ್ಟವರೆಲ್ಲ ಯಾಕೆ ಕಪ್ಪಗಿದ್ದಾರೆ? ಬಿಸಿಲೇ ಕಾಣದವರು ಬೆಳ್ಳಗಿರಬೇಕಲ್ವಾ?’

ಜೀವಶಾಸ್ತ್ರ ಓದುವ ಹುಡುಗಿ. ಸ್ಲೊವೇನಿಯಾದ ಪೊಸ್ಟೋಯ್ನಾ ಗುಹೆಯಲ್ಲಿ ಓಲ್ಮ್ ಎಂಬ ಜೀವಿಯಿದೆ. ಕತ್ತಲಲ್ಲೇ ಬಾಳಿ ಕಣ್ಣೂ ಹೋಗಿದೆ, ಬಣ್ಣವೂ ಹೋಗಿದೆ, ಬಿಳಿಯರ ಚರ್ಮದಂತೆ ಪೇಲವ. ಅದರ ಚಿತ್ರವನ್ನು ಫೋನಿನಲ್ಲಿ ತೋರಿಸಿ, ‘ನಿಜವಾದ ಡ್ರೌ ಹೀಗಿರಬೇಕಿತ್ತು’ ಎಂದಳು. ನಾನು ಸ್ನೋರ್ರಿ, ಗೈಗ್ಯಾಕ್ಸ್ ಎಂದು ಪುರಾಣ ಬಿಚ್ಚಿದೆ. ಆಟವನ್ನು ಈಗ ನಡೆಸುವ ಕಂಪನಿಯೇ 2020ರಲ್ಲಿ, ಡ್ರೌಗಳನ್ನು ಹುಟ್ಟಾ ದುಷ್ಟರೆಂದು ಚಿತ್ರಿಸಿದ ರೀತಿ ನಿಜಲೋಕದ ಜನಾಂಗಗಳನ್ನು ಹೀಗಳೆದ ಚಿತ್ರಣಗಳನ್ನೇ ನೆನಪಿಸುತ್ತದೆಂದು ಒಪ್ಪಿ, ಬದಲಿಸುವ ಮಾತು ಕೊಟ್ಟಿತು ಎಂದೂ ಹೇಳಿದೆ. ಅವಳಿಗೆ ಅಷ್ಟು ಸಾಲದು. ನಮ್ಮ ವಧು-ವರ ಜಾಹೀರಾತುಗಳಲ್ಲಿ ‘ಎಣ್ಣೆಗೆಂಪು’ ಎಂಬ ಜಾಣತನದ ಹಿಂದೆ ಅವಿತುಕೊಳ್ಳುವ ಮೈಬಣ್ಣ ಅವಳದು. ನೆಂಟರ ಮನೆಯ ಕಡಲೆಹಿಟ್ಟಿನ ಸಲಹೆಗಳನ್ನು ಕೇಳಿ ಬೆಳೆದವಳು. ಹಾಗಿದ್ದೂ ಪುಸ್ತಕ ಅವಳಿಗೆ ಇಷ್ಟವಾಗಿತ್ತು. ಮೇಲಿನ ಲೋಕದ ಜನ ಲಿರಿಯೆಲ್‌ಳ ಮುಖ ಕಂಡೊಡನೆ ಹೆದರುತ್ತಾರೆ, ಆಯುಧ ಹಿಡಿಯುತ್ತಾರೆ. ಅವಳು ಒಂದು ಸಲವೂ ಈ ಬಣ್ಣ ಬೇಡವಿತ್ತು ಎಂದುಕೊಳ್ಳುವುದಿಲ್ಲ. ಹಿಂದಿನ ಒಡೆಯ ಗೀಟು ಹಾಕಿ ಲೇವಡಿ ಮಾಡಿದ್ದ ಚೆಲುವಿನ ವರ್ಣನೆಗಳೇ ಇವಳಿಗೆ ಬೇಕಾಗಿದ್ದವು. ‘ಇನ್ನೂ ಎರಡು ಇದ್ದಿದ್ರೂ ಓದ್ತಿದ್ದೆ’ ಎಂದಳು. ಒಂದೇ ಪುಟ, ಒಂದೇ ವಾಕ್ಯ. ಒಬ್ಬನಿಗೆ ಅತಿ, ಇನ್ನೊಬ್ಬಳಿಗೆ ಸಾಲದು. ನನಗೆ ಈ ಚಟ ಬಿಡದಿರುವುದು ಇಂಥದ್ದರಿಂದಲೇ.

ಓದುವ ಗತಿಯೂ ಅಭಿಪ್ರಾಯವನ್ನು ತಿರುಗಿಸುತ್ತದೆ. ಈ ಕಥೆಯ ಎರಡನೇ ಸಂಪುಟ ‘ಟ್ಯಾಂಗಲ್ಡ್ ವೆಬ್ಸ್’ ಬಂದದ್ದು 1996ರಲ್ಲಿ. ಮೂರನೆಯದು ‘ವಿಂಡ್‌ವಾಕರ್’, 2003ರಲ್ಲಿ. ಆ ನಡುವೆ ಪ್ರಕಾಶನ ಸಂಸ್ಥೆ ಟಿ.ಎಸ್.ಆರ್. ಮಾರಾಟವಾಗಿ ವಿಝರ್ಡ್ಸ್ ಆಫ್ ದ ಕೋಸ್ಟ್ ಪಾಲಾಗಿತ್ತು. ಮೊದಲ ಓದುಗರು ಏಳು ವರ್ಷ ಕಾದರು. ಲಿರಿಯೆಲ್‌ಳನ್ನು ತಮ್ಮ ತಮ್ಮ ಮನಸ್ಸಿನಲ್ಲಿ ಬೇಕಾದ ದಡಕ್ಕೆ ತಲುಪಿಸಿಕೊಂಡರು. ಹಾಗೆ ಕಾದವರಿಗೆ ಕೊನೆಯ ಸಂಪುಟ ದ್ರೋಹದಂತೆ ಕಂಡರೆ ಆಶ್ಚರ್ಯವಿಲ್ಲ. ಅದರಲ್ಲೊಂದು ಸಾವಿದೆ. ಯಾರದೆಂದು ಹೇಳಿದರೆ ತಂಗಿಯ ಮಗಳು ನನ್ನ ಮನೆಗೆ ಕಾಲಿಡುವುದಿಲ್ಲ, ಅವಳಿನ್ನೂ ಎರಡನೆಯದರಲ್ಲಿದ್ದಾಳೆ. ಲೇಖಕಿ ಮಾಡಿದ್ದು ಸರಿ ಎಂದೇ ನನ್ನ ತೀರ್ಪು. ಮೊದಲ ಪುಟದಿಂದ ಅಷ್ಟು ಅಪಾಯ ಸಾಕಿಕೊಂಡು ಬಂದ ಕಥೆ ಬಾಡಿಗೆ ಕೇಳದೆ ಹೋಗುವಂತಿರಲಿಲ್ಲ.

ಮೂರನೆಯದನ್ನು ಆಡಿಟರ್ ತಾನಾಗಿ ಕೇಳಿ ತೆಗೆದುಕೊಂಡು ಹೋದ. ‘ತಾಳೆ ಹೇಗೆ ಮಾಡ್ತಾಳೆ ನೋಡೋಣ ಅಂತ, ಅಷ್ಟೇ’ ಎಂದ. ಬಹಳ ದಿನ ಸುದ್ದಿಯಿಲ್ಲ. ಮೊನ್ನೆ ತಂದುಕೊಟ್ಟಾಗ, ಹದ ಮರೆತು, ‘ಹೇಗಿತ್ತು?’ ಎಂದೇ ಕೇಳಿಬಿಟ್ಟೆ. ಅವನು ಉತ್ತರ ಕೊಡದೆ ನಾಲ್ಕನೆಯದು ಇದೆಯೇ ಎಂದ. ಇಲ್ಲ, ಮೂರೇ ಎಂದೆ.

‘ಅದು ಸರಿಯಲ್ಲ’ ಎಂದ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋಗಿ, ತಿರುಗಿ ನಿಂತು, ‘ಆದ್ರೂ ಆ ಚಾಕು ಎಸೆಯೋದು ಅತಿಯಾಯ್ತು. ಅಮ್ಮನ ಹತ್ರ ಮಾತ್ರ ಹೇಳಬೇಡ’ ಎಂದ.