ಕಾಳಿಗಿಂತ ಹುಳ

ಬೇಸಿಗೆ ಬಂತೆಂದರೆ ಕಾಂಪೌಂಡ್ ಗೋಡೆಯ ಮೇಲೆ ಹಕ್ಕಿಗಳಿಗೆ ಒಂದು ಹಿಡಿ ಅಕ್ಕಿ, ಒಂದು ಬಟ್ಟಲು ನೀರು. ನೀರು ಸರಿ. ಅಕ್ಕಿಯ ಬಗ್ಗೆ ಮಾತ್ರ ನನಗೀಗ ಅನುಮಾನ. ಬೆಂಗಳೂರಿನಂಥ ಊರಲ್ಲಿ ಅದನ್ನು ಖಾಲಿ ಮಾಡುವುದು ಹೆಚ್ಚಾಗಿ ಪಾರಿವಾಳಗಳೇ.

ಗುಬ್ಬಚ್ಚಿಯನ್ನೇ ನೋಡಿ. ತಾನು ಕಾಳು ತಿಂದರೂ ಎಳೆ ಮರಿಯ ಬಾಯಿಗೆ ಇಡುವುದು ಹುಳ. ಸೂರಕ್ಕಿಯೂ ಅಷ್ಟೇ: ದಾಸವಾಳದ ಮಕರಂದ ತನಗೆ, ಜೇಡ ಮತ್ತು ಸಣ್ಣ ಹುಳ ಮರಿಗೆ. ಗಿಡಕ್ಕೆಲ್ಲ ಔಷಧಿ ಹೊಡೆದು, ಆಮೇಲೆ ಗೋಡೆಯ ಮೇಲೆ ಕಾಳು ಚೆಲ್ಲುವುದೆಂದರೆ ಬಾಣಂತಿಗೆ ಊಟ ಬಡಿಸಿ ಕೂಸಿನ ಹಾಲು ಕಸಿದುಕೊಂಡಂತೆ.

ಹಿತ್ತಲಿನ ಒಂದು ಮೂಲೆಯನ್ನು ಗುಡಿಸದೆ ಬಿಡುವುದೇ ದೊಡ್ಡ ದಾಸೋಹ ಅನ್ನಿಸುತ್ತದೆ. ತರಗೆಲೆ ಇದ್ದರೆ ಹರಟೆಮಲ್ಲಗಳ ದಂಡು ಬಂದು, ಜಗಳವಾಡುತ್ತಲೇ ಒಂದೊಂದೇ ಎಲೆ ಮಗುಚಿ ಹುಳ ಹೆಕ್ಕುತ್ತದೆ. ಮಡಿವಾಳ ಹಕ್ಕಿ ಬಾಲ ನಿಮಿರಿಸಿಕೊಂಡು ನೆಲಕ್ಕಿಳಿಯುತ್ತದೆ. ಒಂದು ಗಸಗಸೆ ಹಣ್ಣಿನ ಮರವಿದ್ದರಂತೂ ಪಿಕಳಾರ, ಕುಟ್ರುಹಕ್ಕಿ, ಕೋಗಿಲೆ ಎಲ್ಲಕ್ಕೂ ಅಲ್ಲೇ ಪಂಕ್ತಿ. ಹಾಕುವವರೂ ಬೇಡ, ಕಾಯುವವರೂ ಬೇಡ. ಕಿಟಕಿಯ ಪಕ್ಕ ಕಾಫಿ ಹಿಡಿದು ಕೂರುವ ಕೆಲಸವಷ್ಟೇ ನಮ್ಮದು.

ನೀರಿಡುವವರು ಅಗಲವಾದ ಮಣ್ಣಿನ ತಟ್ಟೆ ಇಡಿ. ಎರಡು ಬೆರಳು ಆಳ ಸಾಕು, ಕುಡಿಯುವುದಕ್ಕೂ ಆಯಿತು, ಮೀಯುವುದಕ್ಕೂ ಆಯಿತು. ದಿನಾ ತಿಕ್ಕಿ ತೊಳೆದು ನೀರು ಬದಲಿಸಿ. ಇಲ್ಲದಿದ್ದರೆ ಹಕ್ಕಿಗೆ ರೋಗ, ನಮಗೆ ಸೊಳ್ಳೆ.

ಇನ್ನು ಹಿತ್ತಲು ಯಾಕೆ ಗುಡಿಸಿಲ್ಲ ಅಂತ ಮನೆಯಲ್ಲಿ ಕೇಳಿದರೆ ಹೇಳೋಕೆ ಉತ್ತರ ಸಿಕ್ಕಿತಲ್ಲ!